ಕಲ್ಲಿನ ನೆಲದ ಹೊಳಪು ಉಳಿಯಬೇಕಾದರೆ: ಗುಡಿಸುವುದರಿಂದ ಸೀಲರ್‌ವರೆಗೆ

ಮನೆಗೆ ಕಲ್ಲಿನ ನೆಲ ಹಾಕಿಸಿದವರು ಕೆಲವು ವರ್ಷಗಳ ಮೇಲೆ ಹೇಳುವ ದೂರು ಹೆಚ್ಚುಕಮ್ಮಿ ಒಂದೇ. ‘ದಿನಾ ಒರೆಸ್ತೀವಿ, ಆದರೂ ಹೊಳಪು ಹೋಗ್ತಾ ಇದೆ.’ ಬಹಳ ಸಲ ಹೊಳಪು ಹೋಗುವುದು ಒರೆಸುವ ರೀತಿಯಿಂದಲೇ. ಧೂಳು ಗುಡಿಸದೆ ಹಸಿ ಬಟ್ಟೆ ಎಳೆಯುವುದು, ಜಾಸ್ತಿ ಸೋಪು ಹಾಕುವುದು, ಕಲೆ ಕಂಡ ತಕ್ಷಣ ಆಸಿಡ್ ಬಾಟಲಿಗೆ ಕೈ ಹಾಕುವುದು. ಈ ಮೂರನ್ನು ಬಿಟ್ಟರೆ ಕಲ್ಲಿನ ನೆಲ ತನ್ನಷ್ಟಕ್ಕೆ ದಶಕಗಟ್ಟಲೆ ಚೆನ್ನಾಗಿರುತ್ತದೆ. ಅದಕ್ಕೆ ದುಬಾರಿ ಔಷಧಿಗಳೇನೂ ಬೇಕಿಲ್ಲ. ನಿಮ್ಮ ನೆಲದ ಕಲ್ಲು ಯಾವುದು, ಅದಕ್ಕೆ ಯಾವುದು ಆಗಿಬರುವುದಿಲ್ಲ ಎಂದು ಗೊತ್ತಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ.

ಮೊದಲು ಕಲ್ಲನ್ನು ಗುರುತಿಸಿ

ನೆಲಕ್ಕೆ ಹಾಕುವ ಕಲ್ಲುಗಳನ್ನು ಆರೈಕೆಯ ದೃಷ್ಟಿಯಿಂದ ಎರಡು ಗುಂಪು ಮಾಡಿಕೊಳ್ಳಬಹುದು.

ಒಂದು, ಸುಣ್ಣದ ಅಂಶದ ಕಲ್ಲುಗಳು. ಮಾರ್ಬಲ್, ಸುಣ್ಣದ ಕಲ್ಲು, ಟ್ರಾವರ್ಟೈನ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಬಹುಪಾಲು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಇದು ಕರಗುತ್ತದೆ. ಜೊತೆಗೆ ಈ ಕಲ್ಲುಗಳು ಮೆದು ಕೂಡ. ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಇವುಗಳ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ನ ಜಾಗ 3.

ಎರಡು, ಸಿಲಿಕಾ ಅಂಶದ ಕಲ್ಲುಗಳು. ಗ್ರಾನೈಟ್, ಹೆಚ್ಚಿನ ಮರಳುಗಲ್ಲುಗಳು, ಸ್ಲೇಟ್ ಇಲ್ಲಿ ಬರುತ್ತವೆ. ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಜ್‌ನ ಗಟ್ಟಿತನ 7, ಫೆಲ್ಡ್‌ಸ್ಪಾರ್‌ನದು 6. ಮನೆಯಲ್ಲಿರುವ ನಿಂಬೆ, ವಿನೆಗರ್ ಇವನ್ನು ಅಷ್ಟು ಸುಲಭವಾಗಿ ಕೆಡಿಸುವುದಿಲ್ಲ. ಆದರೆ ಎಲ್ಲ ಮರಳುಗಲ್ಲುಗಳೂ ಒಂದೇ ಥರ ಇರುವುದಿಲ್ಲ. ಮರಳಿನ ಕಣಗಳನ್ನು ಹಿಡಿದಿಟ್ಟಿರುವ ಅಂಟು ಸುಣ್ಣದ್ದಾದರೆ ಅದಕ್ಕೂ ಹುಳಿ ಆಗುವುದಿಲ್ಲ. ಕೆಲವು ಸ್ಲೇಟ್‌ಗಳಲ್ಲೂ ಸುಣ್ಣದ ಅಂಶ ಇರುತ್ತದೆ.

ನಿಮ್ಮದು ಯಾವುದೆಂದು ಗೊತ್ತಿಲ್ಲವೇ? ಯಾರೂ ನೋಡದ ಒಂದು ಮೂಲೆ ಹುಡುಕಿ. ಬೀರುವಿನ ಅಡಿ ಆಗಬಹುದು. ನೆಲ ಹಾಕಿಸುವಾಗ ಉಳಿದ ತುಂಡು ಇದ್ದರೆ ಇನ್ನೂ ಒಳ್ಳೆಯದು. ಅದರ ಮೇಲೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ಹಾಕಿ, ಎರಡು ಮೂರು ನಿಮಿಷ ಬಿಟ್ಟು ಒರೆಸಿ. ಸಣ್ಣ ಗುಳ್ಳೆಗಳು ಎದ್ದರೆ, ಅಥವಾ ಒರೆಸಿದ ಮೇಲೆ ಆ ಜಾಗ ಮಂಕಾಗಿ ಕಂಡರೆ, ಅದು ಸುಣ್ಣದ ಗುಂಪಿನ ಕಲ್ಲು. ಡೋಲೊಮೈಟ್ ಜಾಸ್ತಿ ಇರುವ ಕೆಲವು ಮಾರ್ಬಲ್‌ಗಳಲ್ಲಿ ಗುಳ್ಳೆ ಕಾಣುವುದೇ ಇಲ್ಲ. ಹಾಗಾಗಿ ಗುಳ್ಳೆಗಿಂತ ಮಂಕಾದ ಗುರುತನ್ನೇ ನಂಬಿ. ಈ ಪರೀಕ್ಷೆಯ ಗುರುತು ಹಾಗೇ ಉಳಿಯುತ್ತದೆ, ಅದಕ್ಕೇ ಮರೆಯಾದ ಜಾಗ ಬೇಕು. ಏನೇ ಮಾಡಿದರೂ ಅನುಮಾನ ಉಳಿದರೆ ಸುಣ್ಣದ ಕಲ್ಲು ಎಂದುಕೊಂಡೇ ನಡೆದುಕೊಳ್ಳಿ. ಆಗ ನಷ್ಟ ಇಲ್ಲ.

ಹೊಳಪಿನ ನೆಲವೋ, ಹೊಳಪಿಲ್ಲದ ನುಣುಪು ನೆಲವೋ, ಒರಟು ನೆಲವೋ ಎಂಬುದನ್ನೂ ಗಮನಿಸಿ. ಹೊಳಪಿನ ನೆಲದಲ್ಲಿ ಗೀರು, ಹುಳಿಯ ಗುರುತು ಎದ್ದು ಕಾಣುತ್ತವೆ. ಒರಟು ನೆಲದಲ್ಲಿ ಅವು ಅಷ್ಟಾಗಿ ಕಾಣುವುದಿಲ್ಲ, ಆದರೆ ಕೊಳೆ ತಗ್ಗುಗಳಲ್ಲಿ ಕೂರುತ್ತದೆ.

ಮರಳನ್ನು ಒಳಗೆ ಬಿಡಬೇಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೆಲದ ಹೊಳಪನ್ನು ತಿನ್ನುವುದು ಹೊರಗಿನಿಂದ ಬರುವ ಮರಳು. ಮರಳಿನಲ್ಲಿ ಹೆಚ್ಚಾಗಿ ಇರುವುದು ಕ್ವಾರ್ಟ್ಜ್, ಗಟ್ಟಿತನ 7. ನಿಮ್ಮ ಮಾರ್ಬಲ್ ಬರೀ 3. ಕಾಲಡಿಗೆ ಸಿಕ್ಕ ಪ್ರತಿಯೊಂದು ಮರಳಿನ ಕಣ ಮಾರ್ಬಲ್ ಮೇಲೆ ಕಣ್ಣಿಗೆ ಕಾಣದ ಗೀರು ಎಳೆಯುತ್ತದೆ. ಇಂಥ ಸಾವಿರಾರು ಗೀರುಗಳು ಸೇರಿದಾಗ ಬೆಳಕು ಸರಿಯಾಗಿ ಪ್ರತಿಫಲಿಸುವುದಿಲ್ಲ. ಅದನ್ನೇ ನಾವು ‘ಹೊಳಪು ಹೋಯ್ತು’ ಅನ್ನುವುದು. ಗ್ರಾನೈಟ್ ಗಟ್ಟಿ ನಿಜ, ಆದರೆ ಅದರಲ್ಲೂ ಓಡಾಟ ಜಾಸ್ತಿ ಇರುವ ದಾರಿ ವರ್ಷಗಳು ಕಳೆದಂತೆ ಮಂಕಾಗುತ್ತದೆ.

ಹಾಗಾಗಿ ಬಾಗಿಲ ಹೊರಗೆ ಒಂದು ಒರಟು ಕಾಲೊರಸು, ಒಳಗೆ ಒಂದು ಮೆತ್ತನೆಯದು ಹಾಕಿ. ಒಳಗಿನದು ಎರಡು ಮೂರು ಹೆಜ್ಜೆ ಇಡುವಷ್ಟು ಉದ್ದ ಇದ್ದರೆ ಒಳ್ಳೆಯದು. ಒಂದೇ ಹೆಜ್ಜೆಗೆ ಎಲ್ಲ ಮರಳೂ ಉದುರುವುದಿಲ್ಲ. ಕಾಲೊರಸನ್ನು ಆಗಾಗ ಹೊರಗೆ ಒಯ್ದು ಕೊಡವಿ. ತುಂಬಿದ ಕಾಲೊರಸು ಮರಳನ್ನು ತಡೆಯುವ ಬದಲು ಒಳಕ್ಕೇ ಕಳಿಸುತ್ತದೆ. ಅಡಿಯಲ್ಲಿ ರಬ್ಬರ್ ಇರುವ ಮ್ಯಾಟ್‌ಗಳನ್ನು ತಿಂಗಳುಗಟ್ಟಲೆ ಒಂದೇ ಕಡೆ ಬಿಡಬೇಡಿ. ಅಡಿಯಲ್ಲಿ ತೇವ ನಿಲ್ಲುತ್ತದೆ, ಕೆಲವು ರಬ್ಬರ್‌ಗಳು ಕಲ್ಲಿನ ಮೇಲೆ ಹಳದಿ ಬಣ್ಣ ಬಿಡುತ್ತವೆ. ಕುರ್ಚಿ, ಮೇಜು, ಮಂಚದ ಕಾಲುಗಳಿಗೆ ಫೆಲ್ಟ್ ತುಂಡು ಅಂಟಿಸಿ. ಆ ಫೆಲ್ಟ್‌ನಲ್ಲೂ ಮರಳು ಸಿಕ್ಕಿಕೊಳ್ಳುತ್ತದೆ, ಅದನ್ನು ಆಗಾಗ ತಿರುಗಿಸಿ ನೋಡಬೇಕು. ಸವೆದರೆ ಬದಲಿಸಿ.

ದಿನದ ಗುಡಿಸಾಟ, ಒರೆಸಾಟ

ಮೊದಲು ಒಣದಾಗಿ ಧೂಳು ತೆಗೆಯಿರಿ. ಮೆತ್ತನೆಯ ಪೊರಕೆ ಸಾಕು. ಮೈಕ್ರೋಫೈಬರ್‌ನ ಒಣ ಮಾಪ್ ಆದರೆ ಸಣ್ಣ ಧೂಳನ್ನೂ ಹಿಡಿದುಕೊಳ್ಳುತ್ತದೆ. ವ್ಯಾಕ್ಯೂಮ್ ಬಳಸುವವರು ತಿರುಗುವ ಬ್ರಷ್ ಇರುವ ತಲೆಯನ್ನು ತೆಗೆದು, ಮೆತ್ತನೆಯ ಕೂದಲಿನ ತಲೆ ಹಾಕಿಕೊಳ್ಳಿ. ಅದರ ಚಕ್ರದಲ್ಲಿ ಸಣ್ಣ ಕಲ್ಲು ಸಿಕ್ಕಿಕೊಂಡಿಲ್ಲ ತಾನೇ ಎಂದು ಮೊದಲು ನೋಡಿ.

ಗುಡಿಸದೆ ನೇರ ಒರೆಸುವುದು ಬೇಡವೇ ಬೇಡ. ಹಸಿ ಬಟ್ಟೆ ಮರಳನ್ನು ಹಿಡಿದು ನೆಲದುದ್ದಕ್ಕೂ ಎಳೆಯುತ್ತದೆ. ನೆಲಕ್ಕೆ ಮರಳು ಕಾಗದ ಉಜ್ಜಿದಂತೆಯೇ ಅದು.

ಒರೆಸುವ ಕ್ರಮ ಹೀಗಿರಲಿ:

1. ಎರಡು ಬಕೆಟ್ ತೆಗೆದುಕೊಳ್ಳಿ. ಒಂದರಲ್ಲಿ ಒರೆಸುವ ನೀರು, ಇನ್ನೊಂದರಲ್ಲಿ ಮಾಪ್ ಜಾಲಿಸಲು ಬರೀ ನೀರು.
2. ಒರೆಸುವ ನೀರಿಗೆ ಕಲ್ಲಿಗೆಂದೇ ಮಾಡಿದ, ಪಿಎಚ್ (ಹುಳಿ, ಕ್ಷಾರದ ಅಳತೆ) 7ರ ಆಸುಪಾಸಿನ, ಅಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಕ್ಲೀನರ್ ಹಾಕಿ. ಅಳತೆ ಡಬ್ಬಿಯ ಮೇಲೆ ಇರುವಷ್ಟೇ. ಅದು ಇಲ್ಲದಿದ್ದರೆ ಸೌಮ್ಯವಾದ ಪಾತ್ರೆ ತೊಳೆಯುವ ದ್ರವ ನಡೆಯುತ್ತದೆ. ನಾಲ್ಕೈದು ಲೀಟರ್ ನೀರಿಗೆ ಕೆಲವೇ ಹನಿ. ಅದರಲ್ಲಿ ನಿಂಬೆ ಅಥವಾ ವಿನೆಗರ್ ಸೇರಿಸಿಲ್ಲ ಎಂದು ಚೀಟಿ ಓದಿ ಖಾತ್ರಿ ಮಾಡಿಕೊಳ್ಳಿ.
3. ಮಾಪ್ ಅಥವಾ ಬಟ್ಟೆಯನ್ನು ಚೆನ್ನಾಗಿ ಹಿಂಡಿ. ನೀರು ತೊಟ್ಟಿಕ್ಕಬಾರದು.
4. ಬಾಗಿಲಿನಿಂದ ದೂರದ ಮೂಲೆಯಲ್ಲಿ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಒರೆಸುತ್ತಾ ಹಿಂದಕ್ಕೆ ಬನ್ನಿ. ಸ್ವಲ್ಪ ಜಾಗ ಆದ ಕೂಡಲೇ ಬರೀ ನೀರಿನಲ್ಲಿ ಜಾಲಿಸಿ ಹಿಂಡಿ.
5. ನೀರು ಕಂದಾದ ತಕ್ಷಣ ಚೆಲ್ಲಿ ಹೊಸದು ತುಂಬಿ.
6. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ.
7. ಒಣ ಬಟ್ಟೆ ಎಳೆದು ತೇವ ತೆಗೆಯಿರಿ.

ಕೊನೆಯ ಎರಡು ಹಂತಗಳನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಗಡಸು ನೀರು ಇರುವ ಕಡೆ ಅದರ ಫಲ ಬೇಗ ಕಾಣುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಸೋಪಿನ ಜೊತೆ ಸೇರಿ ಕರಗದ ಒಂದು ಪೊರೆಯಾಗುತ್ತದೆ. ನೀರು ತಾನಾಗಿ ಆರಿದರೂ ಬಿಳಿ ಗುರುತು ಉಳಿಯುತ್ತದೆ. ಆ ಪೊರೆ ಅಂಟಂಟು, ಅದಕ್ಕೆ ಮತ್ತೆ ಧೂಳು ಕೂರುತ್ತದೆ. ಆಗ ನೆಲ ಕೊಳೆಯಾಗಿದೆ ಎಂದು ಇನ್ನೂ ಜಾಸ್ತಿ ಸೋಪು ಹಾಕುತ್ತೇವೆ, ಅಲ್ವಾ? ನಿಮ್ಮ ನೆಲ ಹೀಗೇ ಮಬ್ಬಾಗಿದೆ ಅನ್ನಿಸಿದರೆ ಕೆಲವು ಸಲ ಏನೂ ಹಾಕದ ಬಿಸುಪು ನೀರಿನಿಂದ ಒರೆಸಿ, ಪ್ರತಿ ಸಲವೂ ಒಣಗಿಸಿ ನೋಡಿ. ಹಳೆಯ ಪೊರೆ ನಿಧಾನವಾಗಿ ಬಿಡುತ್ತದೆ.

ಹಬೆಯ ಮಾಪ್ ಬೇಡ. ಬಿಸಿ ಹಬೆ ಸಂದುಗಳಿಗೂ ಕಲ್ಲಿನ ಸಣ್ಣ ತೂತುಗಳಿಗೂ ನುಗ್ಗುತ್ತದೆ, ಕಲೆ ಬೇಗ ಇಳಿಯದಿರಲೆಂದು ಕಲ್ಲಿಗೆ ಹಚ್ಚುವ ಸೀಲರನ್ನೂ ಸಡಿಲ ಮಾಡುತ್ತದೆ.

ಕಲ್ಲುಗಳ ನಡುವಿನ ಸಂದಿಗೆ ತುಂಬಿದ ಗ್ರೌಟ್ ಸಿಮೆಂಟಿನದಾದರೆ ಅದಕ್ಕೂ ಆಸಿಡ್ ಶತ್ರು. ಅದೇ ಕಲ್ಲಿನ ಕ್ಲೀನರ್, ಒಂದು ಮೆತ್ತನೆಯ ನೈಲಾನ್ ಬ್ರಷ್, ಆಮೇಲೆ ಒಣ ಬಟ್ಟೆ. ತಂತಿಯ ಬ್ರಷ್ ಬೇಡ.

ನೆಲದ ಹತ್ತಿರ ತರಬಾರದ್ದು

ವಿನೆಗರ್ ಮತ್ತು ನಿಂಬೆರಸ ನೈಸರ್ಗಿಕ, ಹಾಗಾಗಿ ಸುರಕ್ಷಿತ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಮಾರ್ಬಲ್ ನೆಲಕ್ಕೆ ಇದು ಶುದ್ಧ ತಪ್ಪು ಸಲಹೆ. ಎರಡರ ಪಿಎಚ್ ಕೂಡ 2ರಿಂದ 3ರ ಆಸುಪಾಸು. ನೀರು ಬೆರೆಸಿದರೂ ಅವು ಕಲ್ಲನ್ನು ಕರಗಿಸುವುದು ನಿಲ್ಲುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೇ.

ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಬಹಳಷ್ಟರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಬಚ್ಚಲಿನ ಕೆಲಸ ಮುಗಿಸಿ ಬಾಟಲಿ ತರುವಾಗ ಒಂದು ಹನಿ ಬಿದ್ದರೂ ಮಾರ್ಬಲ್ ಮೇಲೆ ಗುರುತು ಬೀಳುತ್ತದೆ. ಬಾಟಲಿಯನ್ನು ಕಲ್ಲಿನ ನೆಲದ ಮೇಲೆ ನೇರ ಇಡಬೇಡಿ, ಅಡಿಯಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ ಇರಲಿ.

ಗ್ರಾನೈಟ್ ಇದೆ ಎಂದು ನಿಶ್ಚಿಂತೆಯಾಗಿರುವವರಿಗೂ ಒಂದು ಎಚ್ಚರಿಕೆ. ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಅದು ಸಿಲಿಕಾವನ್ನೇ ಕರಗಿಸುತ್ತದೆ, ಅಂದರೆ ಗ್ರಾನೈಟನ್ನೂ. ಮೈಗೆ ತಾಗಿದರೆ ಬಹಳ ಅಪಾಯ. ಅಂಥದ್ದನ್ನು ಮನೆಯಲ್ಲಿ ಇಟ್ಟುಕೊಳ್ಳದಿರುವುದೇ ಲೇಸು.

ಉಜ್ಜುವ ಪುಡಿಗಳು, ಒರಟು ಸ್ಕ್ರಬ್ಬರ್, ಸ್ಟೀಲ್ ಜುಂಗು ಇವೂ ಬೇಡ. ಸ್ಟೀಲ್ ಜುಂಗಿನ ಸಣ್ಣ ಎಳೆಗಳು ಮುರಿದು ಕಲ್ಲಿನ ತೂತುಗಳಲ್ಲಿ ಉಳಿದರೆ, ಆಮೇಲೆ ಅಲ್ಲೇ ತುಕ್ಕು ಹಿಡಿದು ಕಿತ್ತಳೆ ಚುಕ್ಕೆಗಳಾಗುತ್ತವೆ. ಬ್ಲೀಚ್ ದಿನಬಳಕೆಗೆ ಬೇಡ. ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೀನ್ ಅನಿಲ ಬರುತ್ತದೆ. ಎರಡೂ ವಿಷ. ಎರಡು ಬಾಟಲಿಗಳ ದ್ರವವನ್ನು ಯಾವತ್ತೂ ಒಂದೇ ಬಕೆಟ್ಟಿಗೆ ಹಾಕಬೇಡಿ.

ಕಲೆಯೋ, ಹುಳಿ ತಿಂದ ಗುರುತೋ?

ಇದನ್ನು ಗುರುತಿಸದೆ ಎಷ್ಟೋ ಮಂದಿ ಇಲ್ಲದ ಕಲೆಯನ್ನು ಗಂಟೆಗಟ್ಟಲೆ ಉಜ್ಜುತ್ತಾರೆ. ಕಲೆ ಅಂದರೆ ಕಲ್ಲಿನೊಳಗೆ ಏನೋ ಇಳಿದು ಬಣ್ಣ ಬಿಟ್ಟಿರುವುದು. ಆ ಜಾಗ ಸುತ್ತಲಿನ ಕಲ್ಲಿಗಿಂತ ಕಪ್ಪಾಗಿ ಅಥವಾ ಬೇರೆ ಬಣ್ಣವಾಗಿ ಕಾಣುತ್ತದೆ. ಹುಳಿ ತಿಂದ ಗುರುತಿನಲ್ಲಿ ಒಳಗೆ ಏನೂ ಇಳಿದಿರುವುದಿಲ್ಲ, ಮೇಲ್ಮೈಯೇ ಕರಗಿ ಹೋಗಿರುತ್ತದೆ. ಆ ಜಾಗ ಮಂಕಾಗಿ, ಬೆಳ್ಳಗೆ ಕಾಣುತ್ತದೆ. ಬಗ್ಗಿ, ಬೆಳಕಿಗೆ ಎದುರಾಗಿ ಓರೆಯಿಂದ ನೋಡಿ. ಹೊಳಪು ಮಾತ್ರ ಇಲ್ಲದಿದ್ದರೆ ಅದು ಹುಳಿಯ ಕೆಲಸ. ಲೋಟ ಇಟ್ಟ ಉಂಗುರದಂಥ ಗುರುತುಗಳನ್ನು ನೀರಿನ ಕಲೆ ಅನ್ನುತ್ತೇವೆ. ಮಾರ್ಬಲ್ ಮೇಲೆ ಅವು ಬಹಳ ಸಲ ಹಣ್ಣಿನ ರಸದ ಹುಳಿಯ ಗುರುತುಗಳೇ. ಯಾವ ಕ್ಲೀನರೂ ಇದನ್ನು ತೆಗೆಯಲಾರದು. ಮತ್ತೆ ಪಾಲಿಶ್ ಮಾಡುವುದೊಂದೇ ದಾರಿ.

ಏನಾದರೂ ಚೆಲ್ಲಿದರೆ ಬಟ್ಟೆಯಿಂದ ಒತ್ತಿ ಹೀರಿಸಿ. ಒರೆಸಿದರೆ ಅದು ಹರಡಿ ಇನ್ನಷ್ಟು ಜಾಗಕ್ಕೆ ಇಳಿಯುತ್ತದೆ. ಆಮೇಲೆ ನೀರು, ಸೌಮ್ಯ ಸೋಪು ಹಾಕಿ ಒತ್ತಿ ತೆಗೆದು ಒಣಗಿಸಿ. ಇಷ್ಟನ್ನು ಕೆಲವೇ ನಿಮಿಷದಲ್ಲಿ ಮಾಡಿದರೆ ಬಹುತೇಕ ಕಲೆಗಳು ಆಗುವುದೇ ಇಲ್ಲ.

ಒಳಗೆ ಇಳಿದ ಹಳೆಯ ಕಲೆಗೆ ಲೇಪ, ಅಂದರೆ ಪುಡಿಯನ್ನು ದ್ರವದಲ್ಲಿ ಗಟ್ಟಿಯಾಗಿ ಕಲಸಿದ್ದು, ಹಾಕಬೇಕು. ಉಜ್ಜಿದರೆ ಮೇಲ್ಮೈ ಸವೆಯುತ್ತದೆ, ಕಲೆ ಇದ್ದಲ್ಲೇ ಇರುತ್ತದೆ. ಲೇಪ ಕೆಲಸ ಮಾಡುವ ರೀತಿಯೇ ಬೇರೆ. ಅದರಲ್ಲಿರುವ ದ್ರವ ಕಲ್ಲಿನೊಳಗೆ ಇಳಿದು ಕಲೆಯನ್ನು ಕರಗಿಸುತ್ತದೆ. ಲೇಪ ಒಣಗುತ್ತಾ ಬಂದಂತೆ ಕರಗಿದ ಕಲೆಯ ಸಮೇತ ದ್ರವ ಮೇಲಕ್ಕೆ ಬಂದು ಪುಡಿಗೆ ಸೇರಿಕೊಳ್ಳುತ್ತದೆ.

ಪುಡಿಗೆ ಬಿಳಿಯ ಕೇಓಲಿನ್ ಮಣ್ಣು ಅಥವಾ ಟಾಲ್ಕ್ ಆಗುತ್ತದೆ. ಏನೂ ಸಿಗದಿದ್ದರೆ ಬಣ್ಣವಿಲ್ಲದ ಬಿಳಿ ಟಿಶ್ಯೂ ಕಾಗದವನ್ನೇ ಹಲವು ಪದರ ಮಡಿಸಿ ನೆನೆಸಿ ಇಡಬಹುದು. ಕೆಂಪು ಮಣ್ಣು ಮಾತ್ರ ಬೇಡ, ಅದರ ಕಬ್ಬಿಣ ಹೊಸ ಕಲೆ ಮಾಡುತ್ತದೆ. ದ್ರವ ಯಾವುದು ಎಂಬುದು ಕಲೆಯ ಮೇಲೆ ನಿಂತಿದೆ. ಎಣ್ಣೆ, ಜಿಡ್ಡಿಗೆ ಅಸಿಟೋನ್. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಹಾಕಿದರೂ ಹೊಸ ಎಣ್ಣೆ ಕಲೆ ಸಾಕಷ್ಟು ಬಿಡುತ್ತದೆ, ಮೊದಲು ಅದನ್ನೇ ಪ್ರಯತ್ನಿಸುವುದು ಒಳ್ಳೆಯದು. ಕಾಫಿ, ಟೀ, ಹಣ್ಣಿನ ರಸ, ಎಲೆ, ಹೂವಿನ ಬಣ್ಣಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್. ಇದು ಬಣ್ಣವನ್ನೇ ಬಿಳಿಚಿಸುವುದರಿಂದ ತಿಳಿ ಬಣ್ಣದ ಕಲ್ಲಿಗೆ ಮಾತ್ರ. ಶಾಯಿಗೆ ತಿಳಿ ಕಲ್ಲಾದರೆ ಪೆರಾಕ್ಸೈಡ್, ಗಾಢ ಕಲ್ಲಾದರೆ ಅಸಿಟೋನ್.

ಈಗ ಹಾಕುವ ಕ್ರಮ. ಕಲೆಯ ಜಾಗವನ್ನು ಬರೀ ನೀರಿನಿಂದ ಸ್ವಲ್ಪ ತೇವ ಮಾಡಿ. ಅಸಿಟೋನ್ ಬಳಸುವುದಾದರೆ ನೀರು ಬೇಡ. ಪುಡಿಯನ್ನು ದ್ರವದಲ್ಲಿ ಗಟ್ಟಿಯಾಗಿ ಕಲಸಿ. ಕಲೆಯ ಅಂಚಿನಿಂದ ಒಂದು ಬೆರಳಗಲ ಹೊರಗೂ ಬರುವಂತೆ, 6ರಿಂದ 12 ಮಿಲಿಮೀಟರ್ ದಪ್ಪಕ್ಕೆ ಹರಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಟೇಪ್ ಅಂಟಿಸಿ. 24ರಿಂದ 48 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು ಲೇಪ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಕಲೆ ಮೇಲೆ ಬರುವುದು ಈ ಒಣಗುವ ಹೊತ್ತಿನಲ್ಲಿ. ಇಲ್ಲಿ ಆತುರಪಟ್ಟು ಹಸಿಯಾಗಿಯೇ ಕೆರೆದರೆ ಎರಡು ದಿನದ ಕೆಲಸ ವ್ಯರ್ಥ. ಒಣಗಿದ ಮೇಲೆ ಪ್ಲಾಸ್ಟಿಕ್ ಚಾಕುವಿನಿಂದ ಎಬ್ಬಿಸಿ, ನೀರಿನಿಂದ ಒರೆಸಿ, ನೆಲ ಆರಿದ ಮೇಲೆ ನೋಡಿ. ಕಲೆ ತಿಳಿಯಾಗಿದ್ದು ಪೂರ್ತಿ ಹೋಗಿಲ್ಲವೆಂದರೆ ಮತ್ತೆ ಹಾಕಿ. ಹಳೆಯ ಎಣ್ಣೆ ಕಲೆಗೆ ನಾಲ್ಕೈದು ಸಲವೂ ಬೇಕಾಗಬಹುದು.

ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿಡಿ, ಒಲೆ, ದೀಪ ಹತ್ತಿರ ಇರಬಾರದು, ಕೈಗೆ ಗ್ಲೌಸ್ ಹಾಕಿ. ಲೇಪ ಹಾಕಿದ ಜಾಗಕ್ಕೆ ಮಕ್ಕಳು, ಸಾಕುಪ್ರಾಣಿಗಳು ಬಾರದ ಹಾಗೆ ನೋಡಿಕೊಳ್ಳಿ. ಯಾವ ದ್ರವವನ್ನೇ ಆಗಲಿ ಮರೆಯಾದ ಜಾಗದಲ್ಲಿ ಒಮ್ಮೆ ಹಾಕಿ ನೋಡಿದ ಮೇಲಷ್ಟೇ ನಡುಮನೆಗೆ ಬನ್ನಿ.

ಒಳಗಿಳಿದ ತುಕ್ಕಿನ ಕಲೆ ಮಾತ್ರ ಹಟಮಾರಿ. ಅದಕ್ಕೆ ಮನೆಮದ್ದು ಮಾಡುವುದಕ್ಕಿಂತ ಕಲ್ಲಿನ ಕೆಲಸ ಬಲ್ಲವರನ್ನು ಕರೆಸುವುದು ಮೇಲು.

ಸೀಲರ್ ಬೇಕೇ?

ನೀರಿನ ಹನಿಯನ್ನೇ ಕೇಳಿ. ಚೆನ್ನಾಗಿ ಒಣಗಿದ ನೆಲದ ಮೇಲೆ ಅಲ್ಲಲ್ಲಿ ಒಂದೊಂದು ಚಮಚ ನೀರು ಬಿಟ್ಟು 10-15 ನಿಮಿಷ ಕಾಯಿರಿ. ಒರೆಸಿದಾಗ ಕಲ್ಲು ಆ ಜಾಗದಲ್ಲಿ ಕಪ್ಪಾಗಿದ್ದರೆ ಅದು ನೀರು ಹೀರುತ್ತಿದೆ, ಸೀಲರ್ ಬೇಕು. ಬಣ್ಣ ಬದಲಾಗಿಲ್ಲ ಅಂದರೆ ಈಗ ಬೇಡ. ಒತ್ತಾದ ಕೆಲವು ಗ್ರಾನೈಟ್‌ಗಳು ಏನನ್ನೂ ಹೀರುವುದಿಲ್ಲ. ಅವಕ್ಕೆ ಸೀಲರ್ ಹಾಕಿದರೆ ಅದು ಒಳಗೆ ಇಳಿಯದೆ ಮೇಲೇ ಮಬ್ಬಾಗಿ ಕೂರುತ್ತದೆ. ವರ್ಷಕ್ಕೊಮ್ಮೆ ಹಾಕಲೇಬೇಕು ಎಂಬ ನಿಯಮ ಯಾವ ಕಲ್ಲಿಗೂ ಇಲ್ಲ. ಈ ಪರೀಕ್ಷೆಯನ್ನು ಮಾತ್ರ ವರ್ಷಕ್ಕೊಮ್ಮೆ ಮಾಡಿ. ಅಡುಗೆಮನೆ, ಬಾಗಿಲ ಬಳಿ, ಬಚ್ಚಲ ಮುಂದೆ ಬೇರೆ ಬೇರೆಯಾಗಿ ನೋಡಿ, ಸವೆತ ಎಲ್ಲ ಕಡೆ ಒಂದೇ ಇರುವುದಿಲ್ಲ.

ಒಳಗೆ ಇಳಿಯುವ ಸೀಲರ್, ಮೇಲೆ ಪದರವಾಗಿ ಕೂರುವ ಸೀಲರ್ ಎಂದು ಎರಡು ಬಗೆ. ಮನೆಯ ನೆಲಕ್ಕೆ ನನ್ನ ಆಯ್ಕೆ ಒಳಗೆ ಇಳಿಯುವುದೇ. ಪದರದ ಸೀಲರ್ ಹಾಕಿದ ದಿನ ಫಳಫಳ ಅನ್ನುತ್ತದೆ. ಆಮೇಲೆ ಗೀರು ಬೀಳುತ್ತದೆ, ಎದ್ದು ಬರುತ್ತದೆ, ಕಲ್ಲಿನ ಅಡಿಯ ತೇವವನ್ನು ಮೇಲೆ ಬರಲು ಬಿಡದೆ ಒಳಗೇ ಹಿಡಿದಿಡುತ್ತದೆ.

ಹಾಕುವ ಮುಂಚೆ ನೆಲ ಪೂರ್ತಿ ಸ್ವಚ್ಛ ಮಾಡಿ, ಕಡಿಮೆಯೆಂದರೆ ಒಂದು ದಿನ ಒಣಗಲು ಬಿಡಿ. ಕಲೆ ಇದ್ದರೆ ಮೊದಲು ತೆಗೆಯಿರಿ, ಇಲ್ಲದಿದ್ದರೆ ಅದೂ ಒಳಗೇ ಉಳಿಯುತ್ತದೆ. ಸ್ವಲ್ಪ ಸ್ವಲ್ಪ ಜಾಗಕ್ಕೆ ಬಟ್ಟೆಯಿಂದ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನು ಒಣಗುವ ಮುಂಚೆಯೇ ಪೂರ್ತಿ ಒರೆಸಿ ತೆಗೆಯಿರಿ. ಕೆಲಸ ಕೆಡುವುದು ಇಲ್ಲೇ. ಉಳಿದದ್ದು ಒಣಗಿದರೆ ಗೆರೆಗೆರೆಯಾದ ಮಬ್ಬು ಉಳಿಯುತ್ತದೆ. ಹಾಗಾದರೆ ಅದೇ ಸೀಲರನ್ನು ಮೇಲೆ ಸ್ವಲ್ಪ ಹಚ್ಚಿ ತಕ್ಷಣ ಉಜ್ಜಿ ಒರೆಸಿದರೆ ಹೆಚ್ಚಾಗಿ ಬಿಡುತ್ತದೆ. ಆಮೇಲೆ ಒಂದು ದಿನ ನೀರು ತಾಗಿಸಬೇಡಿ.

ಒಂದು ಮಾತು ಸ್ಪಷ್ಟ ಇರಲಿ. ಸೀಲರ್ ಕಲೆ ಇಳಿಯುವುದನ್ನು ನಿಧಾನ ಮಾಡುತ್ತದೆ, ಒರೆಸಲು ನಿಮಗೆ ಸಮಯ ಕೊಡುತ್ತದೆ. ಹುಳಿ ಮೇಲ್ಮೈಯನ್ನು ತಿನ್ನುವುದನ್ನು ಅದು ತಡೆಯುವುದಿಲ್ಲ. ಸೀಲರ್ ಹಾಕಿದ ಮಾರ್ಬಲ್ ಮೇಲೂ ನಿಂಬೆರಸ ಗುರುತು ಬಿಡುತ್ತದೆ.

ಬಿಳಿ ಪುಡಿ, ಹಳದಿ ಛಾಯೆ

ಕಲ್ಲಿನ ಮೇಲೆ ಅಥವಾ ಸಂದುಗಳಲ್ಲಿ ಬಿಳಿ ಪುಡಿ ಎದ್ದರೆ ಅದು ಉಪ್ಪು. ಅಡಿಯಿಂದ ಬರುವ ನೀರು ಉಪ್ಪನ್ನು ಕರಗಿಸಿಕೊಂಡು ಮೇಲೆ ಬಂದು ಆವಿಯಾದಾಗ ಉಪ್ಪು ಇಲ್ಲಿ ಉಳಿಯುತ್ತದೆ. ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಕ್ಕೆ ಹೋಗುತ್ತದೆ. ಹೊಸ ನೆಲದಲ್ಲಿ ಇದು ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲಬಹುದು. ಹಳೆಯ ನೆಲದಲ್ಲಿ ಹೊಸದಾಗಿ ಶುರುವಾದರೆ ಎಲ್ಲೋ ಪೈಪ್ ಸೋರುತ್ತಿದೆಯೇ, ಗೋಡೆಗೆ ತೇವ ಬರುತ್ತಿದೆಯೇ ಎಂದು ಮೊದಲು ಹುಡುಕಿ. ಆ ತೇವ ನಿಲ್ಲುವವರೆಗೆ ಸೀಲರ್ ಹಾಕಬೇಡಿ.

ಬಿಳಿ ಮಾರ್ಬಲ್ ಹಳದಿಯಾಗುವುದಕ್ಕೆ ಎರಡು ಕಾರಣಗಳು ಸಾಮಾನ್ಯ. ಪದರ ಪದರವಾಗಿ ಕೂತ ಹಳೆಯ ಮೇಣ ಅಥವಾ ಪಾಲಿಶ್ ಆಗಿದ್ದರೆ ಅದನ್ನು ತೆಗೆಯಬಹುದು. ಕಲ್ಲಿನೊಳಗೇ ಇರುವ ಕಬ್ಬಿಣದ ಅಂಶ ನೀರಿನಿಂದ ತುಕ್ಕಾಗಿದ್ದರೆ ಅದು ಕಷ್ಟ. ನೆಲದ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುವ ಅಭ್ಯಾಸ ಬಿಡಬೇಕೆನ್ನುವುದು ಇದಕ್ಕೇ.

ಪಾಲಿಶ್ ಮಾಡಿಸುವಾಗ

ಸುಣ್ಣದ ಕಲ್ಲಿನ ಮೇಲೆ ಬಿದ್ದ ಅಂಗೈ ಅಗಲದ ಹುಳಿ ಗುರುತನ್ನು ಮಾರ್ಬಲ್ ಪಾಲಿಶ್ ಪುಡಿಯಿಂದ ಮನೆಯಲ್ಲೇ ಸರಿಮಾಡಬಹುದು. ಪುಡಿಗೆ ಸ್ವಲ್ಪ ನೀರು ಹಾಕಿ, ಫೆಲ್ಟ್ ತುಂಡಿನಿಂದ ಹೊಳಪು ಬರುವವರೆಗೆ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಬೆರಳಿಗೆ ತಗ್ಗು ಸಿಗುವಷ್ಟು ಆಳವಾಗಿದ್ದರೆ ಇದು ಸಾಲದು. ಗ್ರಾನೈಟ್‌ನಲ್ಲಿ ಈ ಪ್ರಯತ್ನವೇ ಬೇಡ, ಅದರ ಗಟ್ಟಿತನಕ್ಕೆ ಕೈಕೆಲಸ ಸಾಲುವುದಿಲ್ಲ.

ಇಡೀ ನೆಲ ಮಂಕಾಗಿದ್ದರೆ ಯಂತ್ರ ಬೇಕು. ಸರಿಯಾದ ಕೆಲಸದಲ್ಲಿ ವಜ್ರದ ಪುಡಿ ಕೂರಿಸಿದ ಪ್ಯಾಡ್‌ಗಳನ್ನು ಒರಟಿನಿಂದ ನುಣುಪಿನ ಕಡೆಗೆ ಒಂದೊಂದಾಗಿ ಹಾಕುತ್ತಾರೆ, ನೀರು ಹರಿಸುತ್ತಾ ಉಜ್ಜುತ್ತಾರೆ. ಕರೆಸುವ ಮುಂಚೆ ಕೆಲವು ಪ್ರಶ್ನೆ ಕೇಳಿ. ಯಾವ ನಂಬರಿನ ಪ್ಯಾಡ್‌ನಿಂದ ಶುರು, ಯಾವ ನಂಬರಿನವರೆಗೆ? ನಡುವೆ ನಂಬರ್ ಹಾರಿಸಿದರೆ ಒರಟು ಪ್ಯಾಡ್‌ನ ಗೀರುಗಳು ಹೊಳಪಿನ ಅಡಿಯಲ್ಲಿ ಉಳಿದುಬಿಡುತ್ತವೆ. ಕೊನೆಯ ಹೊಳಪು ಕಲ್ಲನ್ನೇ ಉಜ್ಜಿ ಬರುವುದೋ, ಮೇಲೆ ಮೇಣ ಹಚ್ಚಿ ಬರುವುದೋ? ಮೇಣವಾದರೆ ಕೆಲವು ತಿಂಗಳಲ್ಲಿ ಹೋಗುತ್ತದೆ. ಉಜ್ಜಿದ ಕೆಸರನ್ನು ಹೇಗೆ ತೆಗೆಯುತ್ತೀರಿ? ಅದು ಸಂದುಗಳಲ್ಲಿ ಒಣಗಲು ಬಿಡಬಾರದು, ನೀರು ಹೀರುವ ವ್ಯಾಕ್ಯೂಮ್‌ನಿಂದ ಆಗಲೇ ಎಳೆಯಬೇಕು. ಗೋಡೆಯ ಬುಡ, ಮರದ ಬಾಗಿಲ ಚೌಕಟ್ಟಿಗೆ ಪ್ಲಾಸ್ಟಿಕ್ ಕಟ್ಟುತ್ತೀರಾ? ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಒಂದೆರಡು ಕಲ್ಲಿನಷ್ಟು ಜಾಗದಲ್ಲಿ ಪೂರ್ತಿ ಕೆಲಸ ಮಾಡಿ ತೋರಿಸಲು ಹೇಳಿ. ಅದು ಒಣಗಿದ ಮೇಲೆ, ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಉಳಿದ ನೆಲಕ್ಕೆ ಒಪ್ಪಿಗೆ ಕೊಡಿ.